ಬೆಳಕಿನ ಹಗೇವು

ದವಸವನ್ನು ಬೆಳೆಯುವುದು ಒಂದು ವಿದ್ಯೆ. ಬೆಳೆದ ದವಸವನ್ನು ಕೆಡದಂತೆ ಕಾಪಾಡಿ ಇಡುವುದು ಇನ್ನೊಂದು ವಿದ್ಯೆ. ಮೊದಲನೆಯದಕ್ಕೆ ಸಂದ ಗೌರವ ಎರಡನೆಯದಕ್ಕೆ ಸಂದಿಲ್ಲ. ಬಿತ್ತನೆಯನ್ನೂ ಸುಗ್ಗಿಯನ್ನೂ ಕುರಿತು ಜನ ಬಾಯ್ತುಂಬ ಹಾಡಿದ್ದಾರೆ. ಹಗೇವನ್ನು ಕುರಿತು ಹಾಡಿದವರು ವಿರಳ. ಆದರೂ ಬಯಲುಸೀಮೆಯ ಹಳ್ಳಿಗಳು ಬರಗಾಲಗಳನ್ನು ದಾಟಿ ಬಂದದ್ದು ಬಹುಮಟ್ಟಿಗೆ ಈ ಎರಡನೆಯ ವಿದ್ಯೆಯ ಬಲದಿಂದಲೇ. ಗಟ್ಟಿನೆಲವನ್ನು ಆರಿಸಿ, ಕಿರಿದಾದ ಬಾಯಿಯೂ ವಿಶಾಲವಾದ ಒಡಲೂ ಇರುವಂತೆ ಗುಂಡಿ ತೋಡಿ, ಒಳಗೋಡೆಗೆ ಹುಲ್ಲು ಹೊದಿಸಿ, ರಾಗಿಯನ್ನು ತುಂಬಿ, ಬಾಯಿಗೆ ಚಪ್ಪಡಿ ಮುಚ್ಚಿ ಮಣ್ಣು ಮೆತ್ತಿದರೆ ವರ್ಷಗಳು ಕಳೆದರೂ ಕಾಳು ಕೆಡುತ್ತಿರಲಿಲ್ಲ. ಹಗೇವಿಗೆ ತನ್ನದೇ ಆದ ಅಪಾಯವೂ ಇತ್ತು. ಬಾಯಿ ತೆರೆದ ಕೂಡಲೆ ಯಾರೂ ಒಳಗಿಳಿಯುವಂತಿರಲಿಲ್ಲ. ಒಳಗೆ ನಿಂತ ಕೆಟ್ಟ ಗಾಳಿ ಹೊರಹೋಗುವವರೆಗೆ ಕಾಯಬೇಕು. ದೀಪವೊಂದನ್ನು ಇಳಿಬಿಟ್ಟು, ಅದು ಆರದೆ ಉರಿದರೆ ಮಾತ್ರ ಇಳಿಯಬೇಕು. ಆತುರಪಟ್ಟವರು ಪ್ರಾಣ ತೆತ್ತದ್ದೂ ಉಂಟು. ಕೆರೆಯೂ ಇಂಥದೇ ಒಂದು ಉಗ್ರಾಣ. ಮೂರು ನಾಲ್ಕು ತಿಂಗಳು ಸುರಿಯುವ ಮಳೆಯನ್ನು ಹನ್ನೆರಡು ತಿಂಗಳಿಗೂ ಹಂಚಿಕೊಳ್ಳುವ ಉಪಾಯವನ್ನು ಹಿರಿಯರು ಊರಿಗೊಂದು ಕೆರೆ ಕಟ್ಟಿ ಸಾಧಿಸಿದರು.

ಹೀಗೆ ಕೂಡಿಡುವುದನ್ನು ಬಲ್ಲ ನಾಡಿಗೆ ವಿದ್ಯುಚ್ಛಕ್ತಿಯೆಂಬ ಹೊಸ ಸರಕು ಬಂದಾಗ ಅದರ ಸ್ವಭಾವ ವಿಚಿತ್ರವಾಗಿ ತೋರಿದ್ದರೆ ಆಶ್ಚರ್ಯವಿಲ್ಲ. ಅಕ್ಕಿಯನ್ನು ಮೂಟೆಯಲ್ಲಿಡಬಹುದು; ಎಣ್ಣೆಯನ್ನು ಪೀಪಾಯಿಯಲ್ಲಿಡಬಹುದು. ತಂತಿಯಲ್ಲಿ ಹರಿಯುವ ವಿದ್ಯುತ್ತನ್ನು ಮಾತ್ರ ತಂತಿಯಲ್ಲಿಯೇ ನಿಲ್ಲಿಸಿ ಇಡಲು ಬಾರದು. ಹುಟ್ಟಿದ ಗಳಿಗೆಯಲ್ಲಿಯೇ ಅದು ಬಳಕೆಯಾಗಿ ತೀರಬೇಕು. ಬೀದರಿನ ಒಂದು ಮನೆಯಲ್ಲಿ ಒಬ್ಬ ಬಾಲಕ ದೀಪದ ಗುಂಡಿಯನ್ನು ಒತ್ತಿದರೆ, ಆ ದೀಪಕ್ಕೆ ಬೇಕಾದಷ್ಟು ಶಕ್ತಿ ಅದೇ ಕ್ಷಣದಲ್ಲಿ ಎಲ್ಲಿಯೋ ಇರುವ ಯಂತ್ರಗಳಿಂದ ಹೆಚ್ಚಾಗಿ ಹೊರಡಬೇಕು. ಅವನು ದೀಪ ಆರಿಸಿದರೆ ಅಷ್ಟೇ ಶಕ್ತಿ ಅದೇ ಕ್ಷಣದಲ್ಲಿ ಕಡಿಮೆಯಾಗಬೇಕು. ಕೋಟ್ಯಂತರ ಗುಂಡಿಗಳು ಯಾರ ಅಪ್ಪಣೆಯನ್ನೂ ಕೇಳದೆ ಒತ್ತಲ್ಪಡುತ್ತಿರುವ ದೇಶದಲ್ಲಿ ಈ ಲೆಕ್ಕ ಪ್ರತಿಕ್ಷಣವೂ ಸರಿಹೊಂದುತ್ತಿರಬೇಕು ಎಂದರೆ, ಅದು ನಡೆಯುತ್ತಿರುವುದೇ ಒಂದು ಸೋಜಿಗವೆನ್ನಬೇಕು.

ಈ ಲೆಕ್ಕ ಸರಿಯಿದೆಯೇ ಇಲ್ಲವೇ ಎಂಬುದನ್ನು ತೋರಿಸುವ ಕೈಗನ್ನಡಿಯೊಂದಿದೆ. ಭಾರತದ ವಿದ್ಯುಜ್ಜಾಲದಲ್ಲಿ ಪ್ರವಾಹವು ಸೆಕೆಂಡಿಗೆ 50 ಆವರ್ತಗಳಂತೆ ಹಿಂದಕ್ಕೂ ಮುಂದಕ್ಕೂ ಓಲಾಡುತ್ತದೆ. ಕಲ್ಲಿದ್ದಲಿನಿಂದ ನಡೆಯುವ ಕೇಂದ್ರಗಳ ದೊಡ್ಡ ಟರ್ಬೈನುಗಳು ನಿಮಿಷಕ್ಕೆ 3000 ಸುತ್ತು ತಿರುಗುವುದರಿಂದ ಈ ಸಂಖ್ಯೆ ಬರುತ್ತದೆ. ಬೇಡಿಕೆ ಏಕಾಏಕಿ ಹೆಚ್ಚಿದರೆ, ಏರು ಹತ್ತುವ ಗಾಡಿಯ ಎತ್ತುಗಳು ಹೆಜ್ಜೆ ನಿಧಾನಿಸುವಂತೆ, ಜಾಲಕ್ಕೆ ಸೇರಿದ ಯಂತ್ರಗಳೆಲ್ಲವೂ ಒಂದೇ ಸಮನೆ ವೇಗ ಕುಗ್ಗುತ್ತವೆ. ಬೇಡಿಕೆ ತಗ್ಗಿದರೆ ವೇಗ ಹೆಚ್ಚುತ್ತದೆ. ಆವರ್ತಗಳ ಸಂಖ್ಯೆಯನ್ನು 49.90ಕ್ಕೂ 50.05ಕ್ಕೂ ನಡುವೆ ನಿಲ್ಲಿಸಿಕೊಳ್ಳಬೇಕೆಂಬುದು ನಿಯಮ. ಬೆಂಗಳೂರಿನ ಲೋಡ್ ಡೆಸ್ಪ್ಯಾಚ್ ಕೇಂದ್ರದಲ್ಲಿ ಹಗಲಿರುಳೂ ಪಾಳಿಯ ಮೇಲೆ ಕುಳಿತಿರುವ ಎಂಜಿನಿಯರುಗಳ ಕಣ್ಣು ಈ ಅಂಕಿಯ ಮೇಲೆಯೇ ಇರುತ್ತದೆ. ಅದು ಇಳಿಯತೊಡಗಿದರೆ ಎಲ್ಲಿಂದಲಾದರೂ ಶಕ್ತಿ ತರಿಸಬೇಕು; ತರಿಸಲಾಗದಿದ್ದರೆ ಯಾವುದಾದರೂ ಊರಿನ ದೀಪ ಆರಿಸಬೇಕು. ‘ಕರೆಂಟು ಹೋಯಿತು’ ಎಂದು ಜನ ಬೇಸರದಿಂದ ಆಡುವ ಮಾತಿನ ಹಿಂದೆ, ಅನೇಕ ವೇಳೆ, ಒಂದು ಊರನ್ನು ಕತ್ತಲೆಗೆ ಒಪ್ಪಿಸಿ ನೂರು ಊರುಗಳನ್ನು ಉಳಿಸಿದ ಕಠಿಣ ತೀರ್ಮಾನವಿರುತ್ತದೆ. ಆ ಒಂದು ಊರಿನವರಿಗೆ ಇದು ಸಮಾಧಾನದ ಮಾತಲ್ಲ, ನಿಜ.

ಉಳಿಸಲಾಗದೆ ಹೋದರೆ ಏನಾಗುತ್ತದೆಂಬುದನ್ನು ಭಾರತ 2012ರಲ್ಲಿ ಕಂಡಿತು. ಆ ವರ್ಷದ ಜುಲೈ 30ರಂದು, ಬೆಳಗಿನ ಜಾವ ಎರಡೂವರೆ ಗಂಟೆಯ ಸುಮಾರಿಗೆ, ಮಧ್ಯಪ್ರದೇಶದ ಬೀನಾದಿಂದ ಗ್ವಾಲಿಯರಿಗೆ ಹೋಗುವ ಹಿರಿಯ ತಂತಿಮಾರ್ಗವೊಂದು ಭಾರ ತಾಳಲಾರದೆ ಕಳಚಿಕೊಂಡಿತು. ಅದು ಹೊತ್ತಿದ್ದ ಹೊರೆ ಪಕ್ಕದ ಮಾರ್ಗಗಳ ಮೇಲೆ ಬಿತ್ತು; ಅವೂ ಕಳಚಿಕೊಂಡವು. ಉತ್ತರ ಭಾರತದ ಜಾಲವೆಲ್ಲ ಕುಸಿಯಿತು. ಸಂಜೆಯ ವೇಳೆಗೆ ಮತ್ತೆ ಕಟ್ಟಿ ನಿಲ್ಲಿಸಿದ ಆ ಜಾಲ ಮರುದಿನ ಮಧ್ಯಾಹ್ನ ಎರಡನೆಯ ಬಾರಿಗೆ ಕುಸಿದಾಗ ಪೂರ್ವ ಮತ್ತು ಈಶಾನ್ಯ ಜಾಲಗಳನ್ನೂ ಜೊತೆಗೆ ಎಳೆದುಕೊಂಡು ಹೋಯಿತು. ಅರುವತ್ತು ಕೋಟಿಗೂ ಹೆಚ್ಚು ಜನ ವಾಸವಾಗಿದ್ದ ಪ್ರದೇಶದಲ್ಲಿ ವಿದ್ಯುತ್ತಿಲ್ಲದಾಯಿತು. ರೈಲುಗಳು ನಡುದಾರಿಯಲ್ಲಿ ನಿಂತವು. ಪೂರ್ವದ ಕಲ್ಲಿದ್ದಲ ಗಣಿಗಳಲ್ಲಿ ಎತ್ತುಯಂತ್ರಗಳು ನಿಂತು ಸುಮಾರು ಇನ್ನೂರು ಕೆಲಸಗಾರರು ನೆಲದಡಿಯಲ್ಲಿ ಸಿಕ್ಕಿಕೊಂಡರು. ಅದೃಷ್ಟವಶಾತ್ ಅವರೆಲ್ಲರೂ ಮೇಲೆ ಬಂದರು. ದೇಶದ ಒಲೆಗಳಿಗೆ ಇದ್ದಲನ್ನು ಅಗೆದು ಕಳುಹಿಸುವವರೇ ವಿದ್ಯುತ್ತಿಲ್ಲದೆ ಕತ್ತಲೆಯಲ್ಲಿ ಕುಳಿತದ್ದು ಆ ದಿನದ ಒಂದು ವ್ಯಂಗ್ಯ. ಕರ್ನಾಟಕಕ್ಕೆ ಅಂದು ಈ ಆಪತ್ತು ತಟ್ಟಲಿಲ್ಲ. ದಕ್ಷಿಣದ ಜಾಲ ಆಗಿನ್ನೂ ಪ್ರತ್ಯೇಕವಾಗಿ ತನ್ನದೇ ತಾಳದಲ್ಲಿ ನಡೆಯುತ್ತಿತ್ತು. 2013ರ ಡಿಸೆಂಬರ್ 31ರಂದು ರಾಯಚೂರಿನಿಂದ ಸೊಲ್ಲಾಪುರಕ್ಕೆ ಎಳೆದ ತಂತಿಮಾರ್ಗದ ಮೂಲಕ ಅದೂ ಉಳಿದ ಭಾರತದೊಡನೆ ಕೂಡಿಕೊಂಡಿತು. ಅಂದಿನಿಂದ ದೇಶಕ್ಕೆಲ್ಲ ಒಂದೇ ತಾಳ. ಒಬ್ಬರ ಕೊರತೆಗೆ ಇನ್ನೊಬ್ಬರು ಒದಗಬಹುದೆಂಬುದು ಇದರ ಲಾಭ. ಒಬ್ಬರ ತಪ್ಪಿಗೆ ಎಲ್ಲರೂ ತೆರಬೇಕಾಗಬಹುದೆಂಬುದು ಇದರ ಭಯ.

ಹಾಗಾದರೆ ವಿದ್ಯುತ್ತು ಬಂದ ನೂರು ವರ್ಷಗಳಲ್ಲಿ ಅದನ್ನು ಕೂಡಿಡುವ ಚಿಂತೆ ಯಾರಿಗೂ ಹತ್ತಲಿಲ್ಲವೇ? ಹತ್ತಿತ್ತು, ಆದರೆ ಆ ಚಿಂತೆ ಬೇರೆ ಹೆಸರಿನಲ್ಲಿ ಬಂದಿತ್ತು. ದಿವಾನ್ ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಕೈಗೊಂಡ ಶಿವನಸಮುದ್ರದ ವಿದ್ಯುದಾಗಾರ 1902ರಲ್ಲಿ ಕೆಲಸ ಆರಂಭಿಸಿ, ಸುಮಾರು 147 ಕಿಲೋಮೀಟರ್ ದೂರದ ಕೋಲಾರದ ಚಿನ್ನದ ಗಣಿಗಳಿಗೆ ಶಕ್ತಿಯನ್ನು ಕಳುಹಿಸಿತು. ಬೆಂಗಳೂರಿನ ಬೀದಿಗಳಿಗೆ ದೀಪ ಬಂದದ್ದು ಅದಾದ ಮೂರು ವರ್ಷಕ್ಕೆ, 1905ರಲ್ಲಿ. ಆದರೆ ಬೇಸಗೆಯಲ್ಲಿ ಕಾವೇರಿ ಸೊರಗುತ್ತಿದ್ದಳು. ನದಿ ಸೊರಗಿದರೆ ಯಂತ್ರವೂ ಸೊರಗುತ್ತಿತ್ತು. ಗಣಿಗಳಿಗೆ ಕೊಟ್ಟ ಮಾತು ನಡೆಯುವುದು ಕಷ್ಟವಾಗುತ್ತಿತ್ತು. 1911ರಲ್ಲಿ ಆರಂಭವಾದ ಕನ್ನಂಬಾಡಿ ಕಟ್ಟೆಯನ್ನು ಜನ ಮಂಡ್ಯದ ಹಸಿರಿಗಾಗಿ ನೆನೆಯುತ್ತಾರೆ. ಅದು ನ್ಯಾಯವೇ. ಆದರೆ ಶಿವನಸಮುದ್ರದ ಯಂತ್ರಗಳಿಗೆ ವರ್ಷವಿಡೀ ಒಂದೇ ಸಮನೆ ನೀರು ಒದಗಿಸುವುದೂ ಆ ಕಟ್ಟೆಯ ಮೂಲ ಉದ್ದೇಶಗಳಲ್ಲೊಂದಾಗಿತ್ತು. ಎಂದರೆ, ಕನ್ನಂಬಾಡಿ ಕಟ್ಟೆ ನೀರಿನ ರೂಪದಲ್ಲಿ ವಿದ್ಯುತ್ತನ್ನು ಕೂಡಿಟ್ಟ ಒಂದು ಹಗೇವೂ ಹೌದು. 1964ರಲ್ಲಿ ಮುಗಿದ ಶರಾವತಿಯ ಲಿಂಗನಮಕ್ಕಿ ಅಣೆಕಟ್ಟು ಅದಕ್ಕಿಂತ ದೊಡ್ಡ ಹಗೇವು. ಮಲೆನಾಡಿನ ಒಂದು ಮಳೆಗಾಲವನ್ನೇ ಅದು ಹಿಡಿದಿಟ್ಟುಕೊಂಡು, 1035 ಮೆಗಾವಾಟ್ ಸಾಮರ್ಥ್ಯದ ಶರಾವತಿ ವಿದ್ಯುದಾಗಾರಕ್ಕೆ ಬೇಕಾದಾಗ ಬೇಕಾದಷ್ಟನ್ನು ಬಿಟ್ಟುಕೊಡುತ್ತದೆ. ಅದರ ಬೆಲೆಯನ್ನು ತೆತ್ತವರು ಮನೆ, ಅಡಿಕೆ ತೋಟ, ಗದ್ದೆ, ದೇವರಗುಡಿಗಳನ್ನು ನೀರಿಗೆ ಬಿಟ್ಟು ಹೊರಟ ಹಳ್ಳಿಗಳವರು. ಅವರಲ್ಲಿ ಎಷ್ಟೋ ಮಂದಿಯ ಹೊಸ ನೆಲೆಗಳಿಗೆ ವಿದ್ಯುತ್ತು ಬಂದದ್ದು ಬಹಳ ತಡವಾಗಿ.

ಕಲ್ಲಿದ್ದಲ ವಿಷಯವೂ ಹೀಗೆಯೇ. ರಾಯಚೂರಿನ ಶಕ್ತಿನಗರದಲ್ಲಿ ರೈಲುಗಳು ತಂದು ಸುರಿದ ಇದ್ದಲ ರಾಶಿ ಕೂಡಿಟ್ಟ ಶಕ್ತಿಯೇ. ಕೋಟಿಗಟ್ಟಲೆ ವರ್ಷಗಳ ಹಿಂದಿನ ಕಾಡುಗಳು ಹೀರಿಕೊಂಡ ಬಿಸಿಲು ಅದರಲ್ಲಿ ಅಡಗಿದೆ. ಬೇಕೆಂದಾಗ ಒಲೆಗೆ ಹಾಕಿದರಾಯಿತು. ಇಷ್ಟು ಮಾತ್ರವಲ್ಲ, ನೂರಾರು ಟನ್ ತೂಗುವ ಉಕ್ಕಿನ ಯಂತ್ರ ರಭಸದಿಂದ ತಿರುಗುತ್ತಿರುವಾಗ ಆ ತಿರುಗಣೆಯಲ್ಲಿಯೇ ಕೆಲವು ಕ್ಷಣಗಳಿಗಾಗುವಷ್ಟು ಶಕ್ತಿ ಇರುತ್ತದೆ. ಎಲ್ಲಿಯೋ ತಂತಿ ತುಂಡಾದರೆ ಈ ತಿರುಗಣೆಯೇ ಜಾಲವನ್ನು ಒಡನೆ ಬೀಳದಂತೆ ಹಿಡಿದು, ಮನುಷ್ಯನಿಗೆ ಯೋಚಿಸಲು ವ್ಯವಧಾನ ಕೊಡುತ್ತದೆ. ಹಳೆಯ ವಿದ್ಯುದಾಗಾರಗಳಲ್ಲಿ ಉತ್ಪಾದನೆಯೂ ಉಗ್ರಾಣವೂ ಒಂದೇ ಸೂರಿನಡಿ ಇದ್ದುದರಿಂದ ಉಗ್ರಾಣದ ಕಡೆ ಯಾರ ಗಮನವೂ ಹೋಗಲಿಲ್ಲ. ಗಮನ ಹೋಗುವಂತೆ ಮಾಡಿದವನು ಸೂರ್ಯ.

ತುಮಕೂರು ಜಿಲ್ಲೆಯ ಪಾವಗಡ ಮಳೆಯನ್ನು ನೆಚ್ಚಲಾಗದ ತಾಲ್ಲೂಕು. ಬಿತ್ತಿದ ಕಡಲೆಕಾಯಿ ಕೈಗೆ ಬರುವ ವರ್ಷಕ್ಕಿಂತ ಬಾರದ ವರ್ಷಗಳೇ ಹೆಚ್ಚು. ಬಿಸಿಲಿಗೆ ಮಾತ್ರ ಅಲ್ಲಿ ಎಂದೂ ಬರವಿಲ್ಲ. ಆ ತಾಲ್ಲೂಕಿನ ತಿರುಮಣಿ, ವಳ್ಳೂರು ಮೊದಲಾದ ಐದು ಹಳ್ಳಿಗಳ ಸುಮಾರು 13,000 ಎಕರೆ ನೆಲದಲ್ಲಿ ಸೌರಫಲಕಗಳನ್ನು ಹಾಸಿ, 2018ರಿಂದ 2019ರ ಕೊನೆಯವರೆಗೆ ಹಂತಹಂತವಾಗಿ 2050 ಮೆಗಾವಾಟ್ ಸಾಮರ್ಥ್ಯದ ಸೌರ ಉದ್ಯಾನವನ್ನು ನಿಲ್ಲಿಸಲಾಯಿತು. ರೈತರಿಂದ ನೆಲವನ್ನು ಕೊಂಡುಕೊಳ್ಳದೆ, ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ, ಎರಡು ವರ್ಷಕ್ಕೊಮ್ಮೆ ಏರಿಸುವ ಷರತ್ತಿನೊಡನೆ, ಗುತ್ತಿಗೆಗೆ ಪಡೆದದ್ದು ಆ ಯೋಜನೆಯ ವಿಶೇಷ. ನೆಲವಿದ್ದವರಿಗೆ ಮಳೆಯ ಹಂಗಿಲ್ಲದ ವರಮಾನ ದೊರೆಯಿತು. ನೆಲವಿಲ್ಲದೆ ಆ ನೆಲದಲ್ಲಿ ಕೂಲಿ ಮಾಡುತ್ತಿದ್ದವರಿಗೆ ಗುತ್ತಿಗೆಯೂ ಇಲ್ಲ, ಕಳೆ ಕೀಳುವ ಕೆಲಸವೂ ಇಲ್ಲ ಎಂಬುದನ್ನು ಹೇಳದಿದ್ದರೆ ಲೆಕ್ಕ ಅರ್ಧವಾಗುತ್ತದೆ.

ಅಲ್ಲಿ ನಡುಹಗಲಿನ ಹೊತ್ತು ಕಣ್ಣು ಹಾಯುವವರೆಗೂ ಹೊಳೆಯುವ ಫಲಕಗಳು ಸದ್ದಿಲ್ಲದೆ, ಹೊಗೆಯಿಲ್ಲದೆ ಧಾರಾಳವಾಗಿ ವಿದ್ಯುತ್ತನ್ನು ಕರೆಯುತ್ತವೆ. ಆದರೆ ಆರು ಗಂಟೆಯ ಮೇಲೆ ಬಿಸಿಲು ಬತ್ತುತ್ತದೆ. ಅಷ್ಟು ಹೊತ್ತಿಗೆ ಸರಿಯಾಗಿ ಊರೂರುಗಳಲ್ಲಿ ದೀಪ ಹತ್ತುತ್ತದೆ. ಅಡುಗೆಮನೆಯ ಮಿಕ್ಸಿ ತಿರುಗುತ್ತದೆ. ಪರೀಕ್ಷೆಗೆ ಓದುವ ಮಕ್ಕಳು ಪುಸ್ತಕ ತೆರೆಯುತ್ತಾರೆ. ಬೇಡಿಕೆ ಅಷ್ಟಾಗಿ ಇಳಿಯುವುದಿಲ್ಲ. ಪೂರೈಕೆ ಮಾತ್ರ ಒಂದೆರಡು ಗಂಟೆಗಳಲ್ಲಿ ಸಾವಿರಾರು ಮೆಗಾವಾಟ್ ಕುಸಿಯುತ್ತದೆ. ಡೆಸ್ಪ್ಯಾಚ್ ಕೇಂದ್ರದವರಿಗೆ ದಿನದಲ್ಲೆಲ್ಲ ಇದೇ ಕಠಿಣವಾದ ಹೊತ್ತು. ಶರಾವತಿಯ ಬಾಗಿಲನ್ನು ತೆರೆಸುತ್ತಾರೆ. ಹಗಲಿನಲ್ಲಿ ತಗ್ಗಿಸಿದ್ದ ಇದ್ದಲ ಒಲೆಗಳನ್ನು ಏರಿಸುತ್ತಾರೆ. ಇದ್ದಲ ಒಲೆ ಸೀಮೆಎಣ್ಣೆ ಸ್ಟೌವಿನಂತಲ್ಲ. ಏರಿಸಲೂ ಇಳಿಸಲೂ ಹೊತ್ತು ಬೇಕು, ದಿನವೂ ಹಾಗೆ ಮಾಡಿದರೆ ಯಂತ್ರ ಬಳಲುತ್ತದೆ. ಕೆಲವೊಮ್ಮೆ ನಡುಹಗಲಿನಲ್ಲಿ ಇದಕ್ಕೆ ವಿರುದ್ಧವಾದ ಸಂಕಟ. ಸೌರವಿದ್ಯುತ್ತು ಬೇಡವಾಗುವಷ್ಟು ಬರುತ್ತದೆ. ಆಗ ಫಲಕಗಳನ್ನು ಜಾಲದಿಂದ ಬೇರ್ಪಡಿಸಿ ಬಿಸಿಲನ್ನು ಸುಮ್ಮನೆ ಬಿಟ್ಟುಬಿಡಬೇಕಾಗುತ್ತದೆ. ಮಧ್ಯಾಹ್ನ ಚೆಲ್ಲಿದ್ದನ್ನೇ ಸಂಜೆ ಹೆಚ್ಚಿನ ಬೆಲೆ ಕೊಟ್ಟು ಕೊಳ್ಳುವ ಸಂಸಾರ ಎಂಥದೆಂದು ಯಾವ ಗೃಹಿಣಿಯಾದರೂ ಹೇಳಬಲ್ಲಳು.

ವಿದ್ಯುತ್ತನ್ನು ವಿದ್ಯುತ್ತಾಗಿಯೇ ಇಡಲು ಬಾರದಿದ್ದರೂ, ರಾಸಾಯನಿಕ ಶಕ್ತಿಯಾಗಿ ಮಾರ್ಪಡಿಸಿ ಇಡಬಹುದೆಂಬುದು ಬಹಳ ಹಿಂದೆಯೇ ತಿಳಿದಿತ್ತು. ಇಟಲಿಯ ವೋಲ್ಟ 1800ರಲ್ಲಿ ಸತು ಮತ್ತು ಬೆಳ್ಳಿಯ ಬಿಲ್ಲೆಗಳ ನಡುವೆ ಉಪ್ಪುನೀರಿನಲ್ಲಿ ನೆನೆಸಿದ ತುಂಡುಗಳನ್ನಿಟ್ಟು ಮೊದಲ ವಿದ್ಯುತ್ಕೋಶವನ್ನು ಕಟ್ಟಿದ. ಅದು ಒಮ್ಮೆ ಬರಿದಾದರೆ ಮುಗಿಯಿತು. ಬರಿದಾದುದನ್ನು ಮತ್ತೆ ತುಂಬಬಲ್ಲ ಸಂಚಾಯಕವನ್ನು ಫ್ರಾನ್ಸಿನ ಪ್ಲಾಂಟೆ 1859ರಲ್ಲಿ ಸೀಸ ಮತ್ತು ಗಂಧಕಾಮ್ಲದಿಂದ ಮಾಡಿದ. ಇಂದಿಗೂ ಎಷ್ಟೋ ಮನೆಗಳ ಮೂಲೆಯಲ್ಲಿ ಯು.ಪಿ.ಎಸ್. ಎಂಬ ಹೆಸರಿನಿಂದ ಕುಳಿತು, ಆಗಾಗ ಬಟ್ಟಿಯಿಳಿಸಿದ ನೀರನ್ನು ಬೇಡುವ ಭಾರವಾದ ಪೆಟ್ಟಿಗೆ ಪ್ಲಾಂಟೆಯ ಮರಿಮಗನೇ. ಇಪ್ಪತ್ತನೆಯ ಶತಮಾನದ ಕೊನೆಯಲ್ಲಿ ಬಂದ ಲಿಥಿಯಂ ಬ್ಯಾಟರಿ ಬೇರೆ ಜಾತಿಯದು. ಅದನ್ನು ತುಂಬುವಾಗ ಲಿಥಿಯಂ ಅಯಾನುಗಳು ಒಂದು ವಿದ್ಯುದಗ್ರದಿಂದ ಹೊರಟು, ನಡುವಿನ ದ್ರವವನ್ನು ದಾಟಿ, ಇನ್ನೊಂದು ಕಡೆಯ ಗ್ರಾಫೈಟಿನ ಪದರಗಳ ನಡುವೆ, ಪುಸ್ತಕದ ಹಾಳೆಗಳ ನಡುವೆ ಇಟ್ಟ ನವಿಲುಗರಿಯಂತೆ, ಸೇರಿಕೊಳ್ಳುತ್ತವೆ. ಬಳಸುವಾಗ ಅವು ಬಂದ ದಾರಿಯಲ್ಲೇ ಮರಳುತ್ತವೆ; ಅವುಗಳ ಜೊತೆಗಾರರಾದ ಎಲೆಕ್ಟ್ರಾನುಗಳು ಹೊರಗಿನ ತಂತಿಯನ್ನು ಸುತ್ತಿಕೊಂಡು ಬರುತ್ತ ದೀಪ ಬೆಳಗಿಸುತ್ತವೆ. ಈ ಹೋಗಿಬರುವ ಆಟ ಸಾವಿರಾರು ಸಲ ನಡೆದರೂ ಹಾಳೆಗಳು ಹರಿಯುವುದಿಲ್ಲವೆಂಬುದೇ ಇದರ ಹಿರಿಮೆ. ಇದಕ್ಕೆ ದಾರಿ ಮಾಡಿದ ವಿಟಿಂಗ್‌ಹ್ಯಾಮ್, ಗುಡ್‌ಇನಫ್, ಯೊಶಿನೊ ಎಂಬ ಮೂವರಿಗೆ 2019ರಲ್ಲಿ ನೊಬೆಲ್ ಪಾರಿತೋಷಕ ಬಂದಾಗ ಗುಡ್‌ಇನಫ್ ಅವರಿಗೆ 97 ವರ್ಷ. ಉಗ್ರಾಣ ಕಟ್ಟುವವರಿಗೆ ಗೌರವ ತಡವಾಗಿ ಬರುತ್ತದೆಂಬುದಕ್ಕೆ ಬೇರೆ ಸಾಕ್ಷಿ ಬೇಡ.

ಕೈಗಡಿಯಾರ, ದೂರವಾಣಿಗಳಲ್ಲಿ ಅಡಗುವ ಈ ಪುಟ್ಟ ವಸ್ತು ಒಂದು ನಾಡಿನ ಜಾಲವನ್ನು ಕಾಯಬಲ್ಲುದೇ ಎಂಬ ಅನುಮಾನ ಎಂಜಿನಿಯರುಗಳಿಗೂ ಇತ್ತು. ಅದಕ್ಕೆ ಉತ್ತರ ದೊರೆತದ್ದು ದಕ್ಷಿಣ ಆಸ್ಟ್ರೇಲಿಯದಲ್ಲಿ. ಗಾಳಿಯಿಂದಲೂ ಬಿಸಿಲಿನಿಂದಲೂ ವಿದ್ಯುತ್ತನ್ನು ಪಡೆಯುವುದರಲ್ಲಿ ಮುಂದುವರಿದಿದ್ದ ಆ ರಾಜ್ಯಕ್ಕೆ 2016ರ ಸೆಪ್ಟೆಂಬರ್ 28ರಂದು ಭಾರಿ ಬಿರುಗಾಳಿ ಬಡಿಯಿತು. ತಂತಿ ಹೊತ್ತ ಗೋಪುರಗಳು ಉರುಳಿದವು. ಗಾಳಿಯಂತ್ರಗಳು ಒಂದೊಂದಾಗಿ ಹಿಂದೆಗೆದವು. ನೆರೆಯ ವಿಕ್ಟೋರಿಯದಿಂದ ಬರುವ ಮಾರ್ಗವೂ ಕಳಚಿಕೊಂಡು ಹದಿನೇಳು ಲಕ್ಷ ಜನರ ಇಡೀ ರಾಜ್ಯ ಕತ್ತಲಾಯಿತು. ಮರುವರ್ಷ ಅಮೆರಿಕದ ಉದ್ಯಮಿ ಈಲಾನ್ ಮಸ್ಕ್ ಅಲ್ಲಿ ದೊಡ್ಡದೊಂದು ಬ್ಯಾಟರಿಯನ್ನು ನೂರು ದಿನಗಳಲ್ಲಿ ಕಟ್ಟಿಕೊಡುವೆನೆಂದೂ ತಡವಾದರೆ ಹಣ ಬೇಡವೆಂದೂ ಪಂಥ ಕಟ್ಟಿದರು. ಪಂಥವನ್ನು ಗೆದ್ದದ್ದೂ ನಿಜ. ಒಪ್ಪಂದಕ್ಕೆ ಸಹಿ ಬಿದ್ದ ಸಮಾರಂಭದ ದಿನಕ್ಕೇ ಅರ್ಧ ಕೆಲಸ ಮುಗಿದಿತ್ತೆಂಬುದೂ ನಿಜ. ಜೇಮ್ಸ್‌ಟೌನ್ ಎಂಬ ಊರಿನ ಬಳಿಯ ಹಾರ್ನ್ಸ್‌ಡೇಲ್‌ನಲ್ಲಿ ಗಾಳಿಯಂತ್ರಗಳ ಮಗ್ಗುಲಲ್ಲೇ ಸಾಲಾಗಿ ನಿಂತ ಆ ಬಿಳಿಯ ಪೆಟ್ಟಿಗೆಗಳು 2017ರ ಡಿಸೆಂಬರ್ 1ರಂದು ಕೆಲಸಕ್ಕೆ ನಿಂತವು.

ಎರಡೇ ವಾರ. ಡಿಸೆಂಬರ್ 14ರ ರಾತ್ರಿ ಎರಡು ಗಂಟೆಯ ಸುಮಾರಿಗೆ, ಅಲ್ಲಿಗೆ ಹೆಚ್ಚುಕಡಿಮೆ ಸಾವಿರ ಕಿಲೋಮೀಟರ್ ದೂರದ ವಿಕ್ಟೋರಿಯದಲ್ಲಿ ಕಲ್ಲಿದ್ದಲಿನ ಒಂದು ಯಂತ್ರ ಹಠಾತ್ತನೆ ನಿಂತು 560 ಮೆಗಾವಾಟ್ ಇಲ್ಲವಾಯಿತು. ಆವರ್ತಗಳು 50ರಿಂದ ಜಾರತೊಡಗಿದವು. ಇಂಥ ವೇಳೆ ನೆರವಿಗೆ ಬರಲೆಂದು ಗೊತ್ತುಮಾಡಿದ್ದ ಇನ್ನೊಂದು ಕಲ್ಲಿದ್ದಲ ಕೇಂದ್ರ ಮೈಮುರಿದು ಏಳುವ ಮೊದಲೇ, ಕಣ್ಣೆವೆ ಮುಚ್ಚಿ ತೆರೆಯುವಷ್ಟರಲ್ಲಿ ಹಾರ್ನ್ಸ್‌ಡೇಲಿನ ಬ್ಯಾಟರಿ ಜಾಲಕ್ಕೆ ಶಕ್ತಿಯನ್ನು ಹರಿಸಿತು. ಹರಿಸಿದ್ದು ಏಳು ಮೆಗಾವಾಟಿಗಿಂತ ತುಸು ಹೆಚ್ಚು ಮಾತ್ರ. 560ರ ಕೊರತೆಗೆ ಏಳು ಯಾವ ಲೆಕ್ಕ ಎಂದು ಕೇಳಬಹುದು. ಜಾಲವನ್ನು ಅಂದು ಉಳಿಸಿದ್ದು ಅದೊಂದೇ ಅಲ್ಲ, ಹಾಗೆಂದು ಹೇಳುವುದು ಉತ್ಪ್ರೇಕ್ಷೆ. ಆದರೆ ಜಾರುವ ಮಗುವನ್ನು ಹಿಡಿಯಲು ಬಲಿಷ್ಠನಾದ ದೂರದ ಚಿಕ್ಕಪ್ಪನಿಗಿಂತ ಪಕ್ಕದಲ್ಲಿ ನಿಂತ ಅಕ್ಕನ ಕೈಯೇ ಮೊದಲು ಒದಗುವುದು. ತಿರುಗುವ ಉಕ್ಕಿನ ಯಂತ್ರಗಳು ಕ್ರಮೇಣ ಕಡಿಮೆಯಾಗುವ ಕಾಲದಲ್ಲಿ, ಆ ಕೆಲವು ಕ್ಷಣಗಳ ವ್ಯವಧಾನವನ್ನು ಬ್ಯಾಟರಿ ಕೊಡಬಲ್ಲುದೆಂದು ಅಂದಿನ ರಾತ್ರಿ ಜಗತ್ತಿಗೆ ತಿಳಿಯಿತು.

ಕ್ಷಣಗಳನ್ನು ಕಾಯುವುದು ಒಂದು. ಗಂಟೆಗಳನ್ನು ಕಾಯುವುದು ಇನ್ನೊಂದು. ಹಾರ್ನ್ಸ್‌ಡೇಲಿನ ಬ್ಯಾಟರಿ ಕಟ್ಟಿದಾಗ ಅದರ ಒಡಲು 129 ಮೆಗಾವಾಟ್-ಗಂಟೆ, ಎಂದರೆ 1,29,000 ಯೂನಿಟ್. ದಿನಕ್ಕೆ ಮೂರು ಯೂನಿಟ್ ಸುಡುವ ಮನೆಗಳಾದರೆ 43,000 ಮನೆಗಳ ಒಂದು ದಿನದ ಸಂಸಾರ ಅದರಲ್ಲಿ ನಡೆಯುತ್ತದೆ. ಆದರೆ ಪಾವಗಡದ ಫಲಕಗಳು ಪೂರ್ಣಶಕ್ತಿಯಲ್ಲಿ ದುಡಿದರೆ ಅಷ್ಟನ್ನು ನಾಲ್ಕು ನಿಮಿಷಕ್ಕೂ ಕಡಿಮೆ ಹೊತ್ತಿನಲ್ಲಿ ಕರೆದುಬಿಡುತ್ತವೆ. ಒಂದು ಸಂಜೆಯನ್ನು ದಾಟಿಸಲು ಎಷ್ಟು ಪೆಟ್ಟಿಗೆಗಳು ಬೇಕೆಂದು ವಿದ್ಯಾರ್ಥಿಗಳು ತಾವೇ ಗುಣಿಸಿ ನೋಡಬಹುದು. ಬಹುಕಾಲ ಈ ಗುಣಾಕಾರವೇ ಎಲ್ಲರ ಬಾಯಿ ಕಟ್ಟಿಸುತ್ತಿತ್ತು. 2010ರ ಸುಮಾರಿನಲ್ಲಿ ಒಂದು ಯೂನಿಟ್ ಹಿಡಿಯುವ ಲಿಥಿಯಂ ಬ್ಯಾಟರಿಗೆ ಸಾವಿರ ಡಾಲರಿಗೂ ಮೀರಿದ ಬೆಲೆಯಿತ್ತು. 2024ರ ಹೊತ್ತಿಗೆ ಅದು ನೂರಿಪ್ಪತ್ತು ಡಾಲರಿಗೂ ಕೆಳಗಿಳಿದಿತ್ತು. ಹೀಗಾಗಿ ಮೊದಲು ಹುಡುಗಾಟಿಕೆಯಾಗಿ ಕಂಡದ್ದು ಲೆಕ್ಕಾಚಾರದ ಮಾತಾಯಿತು. ಭಾರತದಲ್ಲಿಯೂ 2024ರ ಆರಂಭದಲ್ಲಿ ಛತ್ತೀಸಗಢದ ರಾಜನಂದಗಾಂವ್‌ನಲ್ಲಿ ಸೌರಫಲಕಗಳ ಜೊತೆಗೆ 120 ಮೆಗಾವಾಟ್-ಗಂಟೆಯ ಬ್ಯಾಟರಿಯನ್ನು ನಿಲ್ಲಿಸಿ, ಹಗಲಿನ ಬಿಸಿಲನ್ನು ಸಂಜೆಗೆ ದಾಟಿಸುವ ಕೆಲಸ ನಡೆಯಿತು.

ಹಗೇವಿನ ಕೆಟ್ಟ ಗಾಳಿಯ ಮಾತು ಇಲ್ಲಿಯೂ ಬರುತ್ತದೆ. ಶಕ್ತಿಯನ್ನು ಒತ್ತೊತ್ತಾಗಿ ತುಂಬಿಟ್ಟ ಕಡೆ ಅಪಾಯವೂ ಒತ್ತೊತ್ತಾಗಿಯೇ ತುಂಬಿರುತ್ತದೆ. ಕ್ಯಾಲಿಫೋರ್ನಿಯದ ಮಾಸ್ ಲ್ಯಾಂಡಿಂಗ್ ಎಂಬಲ್ಲಿ ಹಳೆಯ ವಿದ್ಯುದಾಗಾರದ ಕಟ್ಟಡದೊಳಗೆ ಸಾಲುಸಾಲಾಗಿ ಜೋಡಿಸಿದ್ದ ಬ್ಯಾಟರಿಗಳಿಗೆ 2025ರ ಜನವರಿ 16ರಂದು ಬೆಂಕಿ ಹತ್ತಿ, ಸುತ್ತಮುತ್ತಲಿನ ಸಾವಿರಕ್ಕೂ ಹೆಚ್ಚು ಜನರನ್ನು ತೆರವು ಮಾಡಿಸಬೇಕಾಯಿತು. ಪೆಟ್ಟಿಗೆಗಳನ್ನು ಬಯಲಿನಲ್ಲಿ, ಒಂದರಿಂದೊಂದು ದೂರವಿಡುವುದು, ಬೇಗ ಕಾವೇರದ ರಸಾಯನಗಳನ್ನು ಬಳಸುವುದು ಮುಂತಾದ ಎಚ್ಚರಗಳು ಇಂಥ ಬೆಂಕಿಗಳಿಂದ ಕಲಿತವು. ಲಿಥಿಯಂ ಎಲ್ಲಿಂದ ಬರುತ್ತದೆಂಬುದೂ ಯೋಚಿಸತಕ್ಕ ಮಾತೇ. ಆಸ್ಟ್ರೇಲಿಯದ ಗಣಿಗಳೂ, ನೀರಿನ ಪ್ರತಿ ಹನಿಗೂ ಬೆಲೆಯಿರುವ ಚಿಲಿಯ ಅಟಕಾಮ ಮರುಭೂಮಿಯ ಉಪ್ಪುಬಯಲುಗಳೂ ಅದರ ಮುಖ್ಯ ನೆಲೆಗಳು. ಮಂಡ್ಯ ಜಿಲ್ಲೆಯ ಮರಳಗಾಲ–ಅಲ್ಲಾಪಟ್ನ ಪ್ರದೇಶದಲ್ಲಿ 1,600 ಟನ್ನಿನಷ್ಟು ಲಿಥಿಯಂ ಇರಬಹುದೆಂದು ಅಣು ಖನಿಜ ನಿರ್ದೇಶನಾಲಯ ಅಂದಾಜು ಮಾಡಿದಾಗ ಪತ್ರಿಕೆಗಳು ಸಂಭ್ರಮಿಸಿದವು. ಜಗತ್ತಿನ ಲೆಕ್ಕದಲ್ಲಿ ಅದು ಬೊಗಸೆಯಷ್ಟೂ ಅಲ್ಲ.

ಇನ್ನೊಂದು ಹಾದಿಯೂ ಉಂಟು. ಹಗಲಿನಲ್ಲಿ ಹೆಚ್ಚಾದ ವಿದ್ಯುತ್ತಿನಿಂದ ತಗ್ಗಿನ ಜಲಾಶಯದ ನೀರನ್ನು ಎತ್ತರದ ಜಲಾಶಯಕ್ಕೆ ಏರಿಸಿ, ಸಂಜೆ ಅದೇ ನೀರನ್ನು ಕೆಳಗೆ ಬಿಟ್ಟು ವಿದ್ಯುತ್ತನ್ನು ಮರಳಿ ಪಡೆಯುವುದು. ಏರಿಸಿದ್ದರಲ್ಲಿ ಮುಕ್ಕಾಲು ಪಾಲು ಹಿಂದಿರುಗುತ್ತದೆ, ಉಳಿದದ್ದು ದಾರಿಖರ್ಚು. ಒಂದು ಯೂನಿಟ್ಟನ್ನು ಹೀಗೆ ಇಡಬೇಕಾದರೆ 3,600 ಲೀಟರಿಗೂ ಹೆಚ್ಚು ನೀರನ್ನು ನೂರು ಮೀಟರ್ ಎತ್ತರಕ್ಕೆ ಏರಿಸಬೇಕು. ಲಿಥಿಯಂ ಬ್ಯಾಟರಿಯಾದರೆ ಏಳೆಂಟು ಕಿಲೋಗ್ರಾಂ ತೂಕದಲ್ಲಿ ಮುಗಿಯುತ್ತದೆ. ಆದರೆ ಬ್ಯಾಟರಿ ಹತ್ತು ಹದಿನೈದು ವರ್ಷಗಳಲ್ಲಿ ಸವೆಯುತ್ತದೆ. ಕಲ್ಲು ಗಾರೆಯ ಅಣೆಕಟ್ಟು ತಲೆಮಾರುಗಳನ್ನು ಕಾಣುತ್ತದೆ. ಶರಾವತಿಯಲ್ಲಿ ತಳಕಳಲೆ ಜಲಾಶಯಕ್ಕೂ ಗೇರುಸೊಪ್ಪೆ ಜಲಾಶಯಕ್ಕೂ ನಡುವೆ ನೆಲದಡಿಯ ಸುರಂಗಗಳನ್ನು ಕೊರೆದು 2000 ಮೆಗಾವಾಟ್ ಸಾಮರ್ಥ್ಯದ ಇಂಥ ಯೋಜನೆಯೊಂದನ್ನು ರೂಪಿಸಲಾಯಿತು. ಎರಡು ಜಲಾಶಯಗಳೂ ಈಗಾಗಲೇ ಇವೆ, ಹೊಸ ಮುಳುಗಡೆಯಿಲ್ಲ ಎಂಬುದು ಯೋಜಿಸಿದವರ ವಾದ. ಆ ಕಣಿವೆ ಸಿಂಗಳೀಕಗಳ ಅಭಯಾರಣ್ಯ, ಅಲ್ಲಿನ ಮಣ್ಣು ಮಳೆಗೆ ಜರಿಯುವಂಥದು, ಕಾಡು ಒಮ್ಮೆ ಹರಿದರೆ ಹೊಲಿಯಲು ಬಾರದು ಎಂಬುದು ವಿರೋಧಿಸಿದವರ ವಾದ. ಲಿಂಗನಮಕ್ಕಿಯ ನೆನಪು ಇನ್ನೂ ಆರದ ಮನೆಗಳಲ್ಲಿ ಈ ಎರಡನೆಯ ವಾದಕ್ಕೆ ತೂಕ ಹೆಚ್ಚು. ಬೆಂಗಳೂರಿನ ಸಂಜೆಯ ದೀಪಕ್ಕೆ ಯಾರ ನೆಲದಲ್ಲಿ ಉಗ್ರಾಣ ಕಟ್ಟಬೇಕು ಎಂಬ ಪ್ರಶ್ನೆಯನ್ನು ಎಂಜಿನಿಯರುಗಳ ಲೆಕ್ಕ ಒಂದೇ ಬಿಡಿಸಲಾರದು.

ಕೂಡಿಡುವ ಮೊದಲು, ಕೂಡಿಡದೆಯೇ ಸಾಗುವ ಕೆಲಸ ಯಾವುದೆಂದು ನೋಡುವುದು ಜಾಣತನ. ಬಯಲುಸೀಮೆಯ ಪಂಪ್‌ಸೆಟ್ಟುಗಳಿಗೆ ದಶಕಗಳ ಕಾಲ ತ್ರೀ ಫೇಸ್ ವಿದ್ಯುತ್ತು ಪಾಳಿಯ ಮೇಲೆ, ಬಹುಪಾಲು ಅಪರಾತ್ರಿಯಲ್ಲಿ ಬರುತ್ತಿತ್ತು. ಊರೆಲ್ಲ ಮಲಗಿ ಬೇಡಿಕೆ ತಗ್ಗಿದಾಗ ಉಳಿದದ್ದನ್ನು ರೈತನಿಗೆ ಕೊಡುವ ಏರ್ಪಾಟು ಅದು. ರೈತ ನಿದ್ದೆಗೆಟ್ಟು, ಕೈಯಲ್ಲೊಂದು ಬ್ಯಾಟರಿ ದೀಪ ಹಿಡಿದು, ಬದುವಿನ ಮೇಲೆ ಹಾವಿದೆಯೇ ಎಂದು ನೋಡುತ್ತ ಕೊಳವೆ ಬಾವಿಯ ಕಡೆಗೆ ನಡೆಯುತ್ತಿದ್ದ. ಮನೆಯಲ್ಲಿ ಹೆಂಡತಿ ಅವನು ಬರುವವರೆಗೆ ಕಣ್ಣು ಮುಚ್ಚುತ್ತಿರಲಿಲ್ಲ. ಸೌರವಿದ್ಯುತ್ತು ಹೆಚ್ಚಿದ ಮೇಲೆ ಈ ಸರಬರಾಜನ್ನು ಹಗಲಿಗೆ ತರುವ ಪ್ರಯತ್ನ ನಡೆಯಿತು. ಪಂಪ್‌ಸೆಟ್ಟುಗಳ ಮಾರ್ಗಗಳಿಗೆಂದೇ ಊರ ಹತ್ತಿರ ಸೌರಫಲಕಗಳನ್ನು ನಿಲ್ಲಿಸುವ ಕೇಂದ್ರ ಸರ್ಕಾರದ ಕುಸುಮ್ ಯೋಜನೆ 2019ರಲ್ಲಿ ಆರಂಭವಾಯಿತು. ನಡುಹಗಲಿನಲ್ಲಿ ಹೆಚ್ಚಾಗಿ ಚೆಲ್ಲಿಹೋಗಬಹುದಾದ ಬಿಸಿಲು ಆಗಲೇ ನೀರಾಗಿ ಮೇಲೆ ಬರುತ್ತದೆ. ಕೊಳವೆ ಬಾವಿಗಳ ನೀರು ವರ್ಷದಿಂದ ವರ್ಷಕ್ಕೆ ಇಳಿಯುತ್ತಿರುವುದು ಬೇರೆಯೇ ಚಿಂತೆ. ಅದಕ್ಕೆ ಯಾವ ಬ್ಯಾಟರಿಯೂ ಮದ್ದಲ್ಲ. ಆದರೆ ಹಗಲು ವಿದ್ಯುತ್ತು ಬರುವ ಊರುಗಳಲ್ಲಿ ಮಧ್ಯಾಹ್ನವೇ ಕೃಷಿಹೊಂಡ ತುಂಬುತ್ತದೆ. ರೈತ ಕತ್ತಲಾಗುವ ಮೊದಲೇ ಮೋಟರು ನಿಲ್ಲಿಸಿ, ಕೈಕಾಲು ತೊಳೆದುಕೊಂಡು ಮನೆಗೆ ಬಂದು ಉಣ್ಣಲು ಕೂರುತ್ತಾನೆ. ಅದೇ ಹೊತ್ತಿಗೆ ಬೆಂಗಳೂರಿನಲ್ಲಿ ಸಂಜೆಯ ಪಾಳಿಗೆ ಬಂದ ಎಂಜಿನಿಯರು, ಶರಾವತಿಗೆ ದೂರವಾಣಿ ಮಾಡಿ, ನೀರನ್ನು ನಿನ್ನೆಗಿಂತ ತುಸು ಕಡಿಮೆ ಬಿಡಿ ಎಂದು ಹೇಳುತ್ತಾನೆ.